ಕೆಮ್ಮು, ಗಂಟಲು ನೋವು, ಮೈಕೈ ನೋವು: ಮನೆಮದ್ದು ಮತ್ತು ಅದರ ಮಿತಿ



ಮಾರ್ಗಶಿರ ಮಾಸ ಬಂತೆಂದರೆ ಘತ್ತರಗಿಯೂ ಸೇರಿದಂತೆ ಭೀಮಾ ತೀರದ ನಮ್ಮ ಊರುಗಳಲ್ಲಿ ಮುಂಜಾವಿನ ಚಳಿ ಮೈ ನಡುಗಿಸತೊಡಗುತ್ತದೆ. ಮಧ್ಯಾಹ್ನದ ಬಿಸಿಲು ಮಾತ್ರ ಚುರುಕಾಗಿಯೇ ಇರುತ್ತದೆ. ಇದೇ ಹೊತ್ತಿಗೆ ತೊಗರಿಯ ರಾಶಿ ಆರಂಭವಾಗಿ, ಹೊಟ್ಟು ಮತ್ತು ಧೂಳು ಗಾಳಿಯಲ್ಲಿ ತೇಲತೊಡಗುತ್ತವೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಾಂಧವರೊಡನೆ ಉಂಡು ಮನೆಗೆ ಮರಳಿದ ಮರುದಿನವೇ ಮಕ್ಕಳಿಗೆ ನೆಗಡಿ, ಹಿರಿಯರಿಗೆ ಗಂಟಲು ಕೆರೆತ, ದುಡಿದವರಿಗೆ ಮೈಕೈ ನೋವು ಎಂಬ ಮಾತು ಪ್ರತಿ ಓಣಿಯಲ್ಲಿಯೂ ಕೇಳಿಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಭಾಗ್ಯವಂತಿ ದೇವಿಯ ದರ್ಶನಕ್ಕೆಂದು ಕರ್ನಾಟಕ, ಮಹಾರಾಷ್ಟ್ರಗಳಿಂದ ಬರುವ ಜನಸಂದಣಿಯಲ್ಲಿ ಒಬ್ಬರ ಕೆಮ್ಮು ಮತ್ತೊಬ್ಬರಿಗೆ ಹರಡುವುದೂ ಸಹಜವೇ.

ಇಂತಹ ಸಂದರ್ಭದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಉಪಚಾರಗಳು ಯಾವುವು, ಅವುಗಳನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಮಾಡಬೇಕು, ಯಾವಾಗ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಕೊನೆಯ ಪ್ರಶ್ನೆಯೇ ಬಹಳ ಮುಖ್ಯವಾದುದು. ಅದನ್ನು ಮರೆತು ನಾನೇ ಒಮ್ಮೆ ತಪ್ಪಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಕೆಮ್ಮು ಏಕೆ ಬರುತ್ತದೆ?

ಕೆಮ್ಮು ಸ್ವತಃ ರೋಗವಾಗಿರುವುದಕ್ಕಿಂತ ಹೆಚ್ಚಾಗಿ ದೇಹದ ರಕ್ಷಣಾ ಕ್ರಿಯೆಯಾಗಿದೆ. ಶ್ವಾಸಮಾರ್ಗದಲ್ಲಿ ಸೇರಿದ ಕಫ, ಧೂಳು, ರೋಗಾಣುಗಳನ್ನು ಹೊರಹಾಕಲು ದೇಹವು ಈ ಕ್ರಿಯೆಯನ್ನು ಬಳಸಿಕೊಳ್ಳುತ್ತದೆ. ಆದುದರಿಂದ ಕಫವಿರುವ ಕೆಮ್ಮನ್ನು ಬಲವಂತವಾಗಿ ಅಡಗಿಸುವುದು ಸರಿಯಲ್ಲ; ಕಫವು ಸಡಿಲಗೊಂಡು ಹೊರಬರುವಂತೆ ನೆರವಾಗಬೇಕು.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯದಲ್ಲಿ ಕಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ: ವಾತಜ, ಪಿತ್ತಜ, ಕಫಜ, ಕ್ಷತಜ ಮತ್ತು ಕ್ಷಯಜ. ಕಫವಿಲ್ಲದೆ ಒಣಗಿ ಬರುವ ಕೆಮ್ಮು ವಾತಜ. ಗಂಟಲಿನ ಉರಿ, ಹಳದಿ ಕಫದೊಡನೆ ಬರುವುದು ಪಿತ್ತಜ. ಬಿಳಿಯ ದಪ್ಪ ಕಫದೊಡನೆ, ತಲೆಭಾರ ಮತ್ತು ಅರುಚಿಯೊಂದಿಗೆ ಬರುವುದು ಕಫಜ. ಎದೆಯ ಒಳಗಿನ ಗಾಯದಿಂದ ಬರುವುದು ಕ್ಷತಜ. ದೇಹದ ಧಾತುಗಳು ಕ್ಷೀಣಿಸುವುದರೊಂದಿಗೆ ಬರುವುದು ಕ್ಷಯಜ. ಮೊದಲ ಮೂರು ಬಗೆಗಳು ಹೊಸತಾಗಿರುವಾಗ ಮನೆಯ ಉಪಚಾರಕ್ಕೆ ಒಗ್ಗುತ್ತವೆ. ಉಳಿದ ಎರಡನ್ನು ಮನೆಯಲ್ಲಿ ಉಪಚರಿಸುವಂತಿಲ್ಲ.

ಆಧುನಿಕ ವೈದ್ಯವಿಜ್ಞಾನದ ಪ್ರಕಾರ ಚಳಿಗಾಲದ ನೆಗಡಿ, ಕೆಮ್ಮು, ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಾಣುಗಳಿಂದ ಬರುತ್ತವೆ. ವೈರಾಣುವಿನ ಮೇಲೆ ಆಂಟಿಬಯೋಟಿಕ್ ಮಾತ್ರೆಗಳು ಕೆಲಸ ಮಾಡುವುದಿಲ್ಲ. ಜ್ವರ, ಮೈಕೈ ನೋವುಗಳು ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತವೆ. ಗಂಟಲು ನೋವು ಒಂದು ವಾರದೊಳಗೆ ಶಮನವಾಗುತ್ತದೆ. ಕೆಮ್ಮು ಮಾತ್ರ ಕ್ರಮೇಣ ಕಡಿಮೆಯಾಗುತ್ತ ಹತ್ತು ಹದಿನೈದು ದಿನ ಎಳೆಯಬಹುದು. ಈ ಅವಧಿಯಲ್ಲಿ ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತಿರುತ್ತದೆ. ಮನೆಮದ್ದಿನ ಕೆಲಸವೆಂದರೆ ಅಲ್ಲಿಯವರೆಗೆ ಬಾಧೆಯನ್ನು ಕಡಿಮೆ ಮಾಡುವುದು.

ಗಂಟಲಿಗೆ ಉಪಚಾರ

ಮೊದಲನೆಯದು ಉಪ್ಪುನೀರಿನ ಗಂಡೂಷ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ದಿನಕ್ಕೆ ಮೂರು ನಾಲ್ಕು ಬಾರಿ ಬಾಯಿ ಮುಕ್ಕಳಿಸಿ, ಗಂಟಲಿನವರೆಗೆ ಗುಳುಗುಳಿಸಿ ಉಗುಳಬೇಕು. ಚಿಟಿಕೆ ಅರಿಷಿಣ ಸೇರಿಸಬಹುದು. ನೀರನ್ನು ನುಂಗದೆ ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದನ್ನು ಮಾಡಿಸಬಾರದು.

ಎರಡನೆಯದು ಜೇನುತುಪ್ಪ. ರಾತ್ರಿ ಮಲಗುವ ಮುನ್ನ ಒಂದು ಚಹಾ ಚಮಚ ಜೇನನ್ನು ಹಾಗೆಯೇ ನೆಕ್ಕಿದರೆ ಒಣಕೆಮ್ಮು ತಗ್ಗಿ ನಿದ್ರೆ ಬರುತ್ತದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಮಚ ಸಾಕು. ಜೇನನ್ನು ಕುದಿಸಬಾರದು, ಕಷಾಯಕ್ಕೆ ಹಾಕುವುದಾದರೆ ಅದು ಆರಿ ಬೆಚ್ಚಗಾದ ಮೇಲೆ ಬೆರೆಸಬೇಕು.

ಇಲ್ಲಿ ತಾಯಂದಿರಿಗೆ ಒಂದು ವಿಶೇಷ ಸೂಚನೆ. ಒಂದು ವರ್ಷದೊಳಗಿನ ಕೂಸಿಗೆ ಜೇನನ್ನು ಸರ್ವಥಾ ಕೊಡಕೂಡದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡುತ್ತದೆ. ಬಾಟುಲಿಸಂ ಎಂಬ ಈ ರೋಗದಲ್ಲಿ ಸ್ನಾಯುಗಳು ಬಲಗುಂದಿ, ಉಸಿರಾಟಕ್ಕೂ ಸಂಚಕಾರ ಬರಬಹುದು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ರೂಢಿಯನ್ನು ಈ ಕಾರಣದಿಂದ ಬಿಡುವುದು ಶ್ರೇಯಸ್ಕರ.

ಕಷಾಯ ಮಾಡುವ ಕ್ರಮ

ಎರಡು ಲೋಟ ನೀರಿಗೆ ಅರ್ಧ ಇಂಚು ಜಜ್ಜಿದ ಹಸಿಶುಂಠಿ, ನಾಲ್ಕು ಕುಟ್ಟಿದ ಕರಿಮೆಣಸು, ಎಂಟು ಹತ್ತು ತುಳಸಿ ಎಲೆ, ಅರ್ಧ ಚಮಚ ಜೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಬೇಕು. ಸೋಸಿ, ಬೇಕಾದಲ್ಲಿ ಸಣ್ಣ ತುಂಡು ಬೆಲ್ಲ ಸೇರಿಸಿ, ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ ಕುಡಿಯಬೇಕು. ಐದರಿಂದ ಏಳು ದಿನ ಸಾಕು. ಸಕ್ಕರೆ ಕಾಯಿಲೆಯವರು ಬೆಲ್ಲ, ಜೇನು ಎರಡನ್ನೂ ಬಿಡಬೇಕು.

ಕಷಾಯವು ಒಳ್ಳೆಯದೆಂದು ಲೋಟಗಟ್ಟಲೆ ಕುಡಿಯುವುದು ಬೇಡ. 2020ರಲ್ಲಿ ಕೊರೊನಾ ಹಬ್ಬಿದಾಗ ಕೇಂದ್ರ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ದಿನಕ್ಕೆ ಒಂದು ಅಥವಾ ಎರಡು ಬಾರಿ ಸೇವಿಸಲು ಸೂಚಿಸಿತ್ತು. ನಮ್ಮ ಜನ ಭಯದಿಂದ ಐದಾರು ಬಾರಿ ಕುಡಿದರು. ಆ ವರ್ಷದ ಬೇಸಿಗೆಯಲ್ಲಿ ಬಾಯಿಹುಣ್ಣು, ಎದೆಯುರಿ, ಮೂಲವ್ಯಾಧಿಯ ರಕ್ತಸ್ರಾವವೆಂದು ನನ್ನ ಬಳಿಗೆ ಬಂದವರು ಬಹಳ ಮಂದಿ. ಮೆಣಸು, ಶುಂಠಿಗಳು ಉಷ್ಣ ಮತ್ತು ತೀಕ್ಷ್ಣ ಗುಣದವು. ಪಿತ್ತ ಪ್ರಕೃತಿಯವರು, ಹೊಟ್ಟೆಯ ಹುಣ್ಣಿರುವವರು ಅವುಗಳನ್ನು ಅರ್ಧಕ್ಕೆ ಇಳಿಸಿ, ಕೊತ್ತಂಬರಿ ಕಾಳನ್ನು ಸೇರಿಸಿಕೊಳ್ಳುವುದು ಹಿತಕರ.

ಜೇಷ್ಠಮಧು ಗಂಟಲಿಗೆ ಬಹು ಉತ್ತಮವಾದ ದ್ರವ್ಯ. ಅದರ ಚಿಕ್ಕ ತುಂಡನ್ನು ಬಾಯಲ್ಲಿಟ್ಟು ರಸ ಹೀರಿದರೆ ಕೆರೆತ ಶಮನವಾಗುತ್ತದೆ. ಆದರೆ ದಿನಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಬಿ.ಪಿ., ಹೃದಯ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಇದನ್ನು ಬಳಸಬಾರದು.

ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯು ಕಫವನ್ನು ಸಡಿಲಗೊಳಿಸುವ ಪ್ರಸಿದ್ಧ ಮೂಲಿಕೆ. ಸಂಸ್ಕೃತದಲ್ಲಿ ಇದಕ್ಕೆ ವಾಸಾ ಎಂದು ಹೆಸರು. ಇದರಲ್ಲಿರುವ ವಾಸಿಸಿನ್ ಎಂಬ ಸತ್ವವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧವನ್ನು ರೂಪಿಸಲಾಯಿತು. ಗರ್ಭಕೋಶವನ್ನು ಸಂಕುಚಿಸುವ ಗುಣವೂ ಇದಕ್ಕಿರುವುದರಿಂದ ಗರ್ಭಿಣಿಯರು ಇದನ್ನು ಸೇವಿಸಕೂಡದು. ಉಳಿದವರೂ ವೈದ್ಯರಿಗೆ ಗಿಡವನ್ನು ತೋರಿಸಿ, ಪ್ರಮಾಣ ತಿಳಿದುಕೊಂಡೇ ಬಳಸಬೇಕು.

ಮೈಕೈ ನೋವು ಮತ್ತು ಪಥ್ಯ

ಜ್ವರದೊಡನೆ ಬರುವ ಮೈಕೈ ನೋವಿಗೆ ವಿಶ್ರಾಂತಿಯೇ ಮೊದಲ ಔಷಧ. ರಾಶಿಯ ಕೆಲಸ ನಿಲ್ಲಿಸಲಾಗದೆಂದು ಜ್ವರದಲ್ಲಿಯೇ ದುಡಿಯುವವರ ಕಷ್ಟ ನನಗೆ ತಿಳಿಯದ್ದಲ್ಲ. ಆದರೂ ಎರಡು ದಿನ ವಿಶ್ರಮಿಸಿದವನು ಮೂರನೆಯ ದಿನ ಕಣಕ್ಕೆ ಮರಳುತ್ತಾನೆ. ವಿಶ್ರಮಿಸದವನು ವಾರಗಟ್ಟಲೆ ಹಾಸಿಗೆ ಹಿಡಿಯಬಹುದು.

ಮೈ ನೋಯುತ್ತದೆಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಹೊಸ ಜ್ವರದಲ್ಲಿ ಅಭ್ಯಂಗವನ್ನು ಆಯುರ್ವೇದವು ನಿಷೇಧಿಸಿದೆ. ಜ್ವರ ಪೂರ್ತಿ ಇಳಿದ ಮೇಲೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಬಹುದು. ಜ್ವರವಿರುವಾಗ ನೋವಿರುವ ಕಡೆ ಬಟ್ಟೆಯ ಗಂಟಿನಿಂದ ಹದವಾದ ಶಾಖ ಕೊಡುವುದು ಸಾಕು.

ಆಹಾರವು ಲಘುವಾಗಿರಲಿ. ಹಸಿವಿಲ್ಲದವರಿಗೆ ಬಲವಂತವಾಗಿ ರೊಟ್ಟಿ ಉಣಿಸುವುದು ಬೇಡ. ಜೋಳದ ನುಚ್ಚಿನ ತೆಳುಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗೆ ಬೇಯಿಸಿದ ಅನ್ನ, ಬಿಸಿ ಸಾರು ಹಿತ. ಹಸಿವು ಮರಳಿದಂತೆ ಮೃದುವಾದ ಬಿಸಿರೊಟ್ಟಿ, ಬೇಯಿಸಿದ ಪಲ್ಯ ಕೊಡಬಹುದು. ಕರಿದ ಪದಾರ್ಥ, ಫ್ರಿಜ್ಜಿನ ನೀರು, ರಾತ್ರಿ ಮೊಸರು ವರ್ಜ್ಯ. ಕಾಯಿಸಿ ಆರಿಸಿದ ಬೆಚ್ಚಗಿನ ನೀರನ್ನು ಆಗಾಗ ಗುಟುಕರಿಸುತ್ತಿದ್ದರೆ ಕಫ ತೆಳುವಾಗುತ್ತದೆ. ಮೊಲೆಯುಣ್ಣುವ ಕೂಸಿಗೆ ನೆಗಡಿಯಾದರೆ ತಾಯಿಯ ಹಾಲನ್ನು ನಿಲ್ಲಿಸಬಾರದು. ಪದೇ ಪದೇ ಕುಡಿಸಬೇಕು.

ಜ್ವರ, ನೋವು ಸಹಿಸಲಾಗದಿದ್ದರೆ ವಯಸ್ಕರು ಪ್ಯಾರಸಿಟಮಾಲ್ 500 ಮಿಲಿಗ್ರಾಂನ ಒಂದು ಮಾತ್ರೆಯನ್ನು ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ ಒಂದೆರಡು ದಿನ ತೆಗೆದುಕೊಳ್ಳಬಹುದು. ಯಕೃತ್ತಿನ ತೊಂದರೆಯುಳ್ಳವರು ಮತ್ತು ಮದ್ಯ ಸೇವಿಸುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಆಯುರ್ವೇದ ವೈದ್ಯನು ಈ ಮಾತ್ರೆಯ ಹೆಸರು ಹೇಳುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಇನ್ನೂ ಹೆಚ್ಚು ಅಪಾಯದ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ನುಂಗುತ್ತಿರುವುದನ್ನು ಕಂಡೇ ಈ ಮಾತು ಬರೆಯುತ್ತಿದ್ದೇನೆ. ಕೆಮ್ಮು ನೆಗಡಿಗಳಿಲ್ಲದೆ ಬರಿಯ ಜ್ವರ, ಕಣ್ಣಿನ ಹಿಂಭಾಗದ ನೋವು, ಕೀಲುಗಳ ತೀವ್ರ ನೋವು ಇದ್ದರೆ ಅದು ಡೆಂಗ್ಯೂ ಅಥವಾ ಚಿಕೂನ್‌ಗುನ್ಯಾ ಆಗಿರಬಹುದು. ಡೆಂಗ್ಯೂ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳಂತಹ ನೋವಿನ ಮಾತ್ರೆ, ಸೂಜಿಗಳು ರಕ್ತಸ್ರಾವಕ್ಕೆ ಕಾರಣವಾಗಬಲ್ಲವು. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ಭಾಗದ ಊರೂರುಗಳನ್ನು ಹಾಸಿಗೆ ಹಿಡಿಸಿದ್ದನ್ನು ಹಿರಿಯರು ಮರೆತಿರಲಾರರು.

ಮಕ್ಕಳ ವಿಷಯದಲ್ಲಿ ಬಿಡಬೇಕಾದ ರೂಢಿಗಳು

ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂಡಿಸಿ, ಚಾದರ ಹೊದಿಸಿ ಹಬೆ ಕೊಡಬಾರದು. ಮಗು ಒಮ್ಮೆ ಕೈಕಾಲು ಆಡಿಸಿದರೆ ಸಾಕು, ಪಾತ್ರೆ ಉರುಳಿ ಮೈ ಸುಡುತ್ತದೆ. ವಯಸ್ಕರು ಹಬೆ ತೆಗೆದುಕೊಳ್ಳುವಾಗಲೂ ಪಾತ್ರೆಯನ್ನು ಒಲೆಯಿಂದ ಇಳಿಸಿ, ನೆಲದ ಮೇಲೆ ಅಲುಗಾಡದಂತೆ ಇಟ್ಟುಕೊಳ್ಳಬೇಕು.

ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಮತ್ತೊಂದು ಅಪಾಯದ ರೂಢಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಉಂಟಾಗುತ್ತದೆ. ಬಾಣಂತಿಯ ಕೋಣೆಯಲ್ಲಿ ಬಾಗಿಲು, ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ, ಕೂಸಿಗೆ ಲೋಬಾನದ ಹೊಗೆ ಹಾಕುವುದೂ ಹಾನಿಕರ. ಕೆಂಡದ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಕೂಸನ್ನು ಬೆಚ್ಚಗಿಡಲು ಬಟ್ಟೆ ಮತ್ತು ತಾಯಿಯ ಮಡಿಲು ಸಾಕು.

ಕೆಮ್ಮಿನ ಸಿರಪ್‌ಗಳ ವಿಷಯದಲ್ಲಿ ತಂದೆತಾಯಂದಿರು ಎಚ್ಚರ ವಹಿಸಲೇಬೇಕು. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕಲುಷಿತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ವಿಫಲವಾಗಿ ಮೃತಪಟ್ಟ ಸುದ್ದಿ ದೇಶವನ್ನೇ ಕಲಕಿತು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರ್ 3ರಂದು ಸೂಚನೆ ಹೊರಡಿಸಿ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದೂ ತಿಳಿಸಿತು. ಹಿಂದಿನ ವರ್ಷ ಉಳಿದ ಸೀಸೆ, ನೆರೆಮನೆಯವರ ಸೀಸೆ, ಅಂಗಡಿಯವರು ತಾವಾಗಿ ಕೊಟ್ಟ ಸೀಸೆ ಯಾವುದೂ ಬೇಡ. ಆಯುರ್ವೇದ ಸಿರಪ್ ಎಂಬ ಹೆಸರು ಮಾತ್ರಕ್ಕೇ ಅದು ನಿರಪಾಯಕರ ಎಂದು ಭಾವಿಸುವುದೂ ಬೇಡ.

ನನ್ನಿಂದಾದ ಒಂದು ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನದಿಯಾಚೆಯ ಹಳ್ಳಿಯ ರೈತರೊಬ್ಬರು ಕೆಮ್ಮೆಂದು ನನ್ನ ಬಳಿಗೆ ಬಂದರು. ವಯಸ್ಸು ನಲವತ್ತರ ಆಸುಪಾಸು. ರಾಶಿಯ ಧೂಳಿನ ಕೆಮ್ಮೆಂದು ತಿಳಿದು ಸಿತೋಪಲಾದಿ ಚೂರ್ಣ ಮತ್ತು ಆಡುಸೋಗೆಯ ಕಷಾಯ ಕೊಟ್ಟೆ. ಕೆಮ್ಮು ತಗ್ಗಿತು. ಹದಿನೈದು ದಿನಗಳ ನಂತರ ಮರಳಿ ಬಂದರು, ಮತ್ತೆ ಅದನ್ನೇ ಕೊಟ್ಟೆ, ಮತ್ತೆ ತಗ್ಗಿತು. ಹೀಗೆ ಎರಡೂವರೆ ತಿಂಗಳು ಕಳೆಯಿತು. ಔಷಧಿ ಕೆಲಸ ಮಾಡುತ್ತಿದೆ ಎಂಬ ಸಮಾಧಾನ ಅವರಿಗೂ ಇತ್ತು, ನನಗೂ ಇತ್ತು. ಒಂದು ದಿನ ಜೊತೆಗೆ ಬಂದ ಅವರ ಪತ್ನಿ, "ಡಾಕ್ಟರ್ ಸಾಹೇಬರ, ಇವರ ಅಂಗಿ ಮೈಮ್ಯಾಲೆ ನಿಲ್ಲವಲ್ದು, ರಾತ್ರಿ ಹಾಸಗಿ ಬೆವರಿಗೆ ತೊಯ್ತದ" ಎಂದರು. ಅಂದು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಅದಕ್ಕೂ ಮುಂಚೆ ನಾನು ತೂಕ ನೋಡಿರಲಿಲ್ಲ, ಕಫ ಪರೀಕ್ಷೆಗೂ ಕಳಿಸಿರಲಿಲ್ಲ.

ಪರೀಕ್ಷೆಯಲ್ಲಿ ಕ್ಷಯರೋಗವೆಂದು ತಿಳಿಯಿತು. ಅಷ್ಟರಲ್ಲಿ ಅವರ ಕಿರಿಯ ಮಗಳ ಕುತ್ತಿಗೆಯಲ್ಲಿಯೂ ಗಂಟುಗಳು ಕಾಣಿಸಿಕೊಂಡಿದ್ದವು; ಅವೂ ಅದೇ ರೋಗದವು. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯಿಂದ ಇಬ್ಬರೂ ಗುಣಮುಖರಾದರು. ಆದರೆ ಆ ಎರಡೂವರೆ ತಿಂಗಳು ಅವರು ಮನೆಮಂದಿಯೊಡನೆ ಒಂದೇ ಕೋಣೆಯಲ್ಲಿ ಕೆಮ್ಮುತ್ತ ಮಲಗಿದ್ದರೆಂಬ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ.

ಸಿತೋಪಲಾದಿಯು ಕೆಟ್ಟ ಔಷಧವಲ್ಲ. ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಯಾಲಕ್ಕಿ 2, ದಾಲ್ಚಿನ್ನಿ 1 ಪಾಲು ಸೇರಿದ ಈ ಚೂರ್ಣವನ್ನು ಇಂದಿಗೂ ನಾನು ಕೊಡುತ್ತೇನೆ. (ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಮಧುಮೇಹಿಗಳಿಗೆ ಇದು ಸಲ್ಲದು.) ಚರಕಾಚಾರ್ಯರು ಇದನ್ನು ಹೇಳಿರುವುದು ರಾಜಯಕ್ಷ್ಮ, ಅಂದರೆ ಕ್ಷಯರೋಗದ ಅಧ್ಯಾಯದಲ್ಲಿಯೇ. ಕ್ಷಯದ ಕೆಮ್ಮನ್ನೂ ಇದು ತಕ್ಕಮಟ್ಟಿಗೆ ತಗ್ಗಿಸುತ್ತದೆ. ರೋಗಾಣುವನ್ನು ಮಾತ್ರ ಕೊಲ್ಲುವುದಿಲ್ಲ. ಔಷಧಿಯಿಂದ ಕೆಮ್ಮು ಕಡಿಮೆಯಾಯಿತೆಂಬ ಕಾರಣಕ್ಕೆ ರೋಗ ಹೋಯಿತೆಂದು ನಾನು ನಂಬಿದ್ದೇ ತಪ್ಪು. ಮನೆಮದ್ದು ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ದಿನಗಳ ಲೆಕ್ಕವಿರಲಿ

ಅಂದಿನಿಂದ ನನ್ನ ಬಳಿಗೆ ಬರುವ ಪ್ರತಿಯೊಬ್ಬ ಕೆಮ್ಮಿನ ರೋಗಿಗೂ ಕೆಮ್ಮು ಆರಂಭವಾದ ದಿನವನ್ನು ಕೇಳಿ ಬರೆದುಕೊಳ್ಳುತ್ತೇನೆ. ತಾವೂ ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿರಿ. ಮುಂದಿನ ಲೆಕ್ಕ ಹೀಗಿದೆ:

1. ಜ್ವರವು ಮೂರು ದಿನ ದಾಟಿದರೆ, ಅಥವಾ ಇಳಿದ ಜ್ವರ ಮತ್ತೆ ಏರಿದರೆ ವೈದ್ಯರನ್ನು ಕಾಣಬೇಕು.

2. ಗಂಟಲು ನೋವಿನೊಡನೆ ಜ್ವರ, ಕುತ್ತಿಗೆಯ ಗಂಟುಗಳಿದ್ದು, ಕೆಮ್ಮು ನೆಗಡಿಗಳಿಲ್ಲದಿದ್ದರೆ ತಡಮಾಡಬಾರದು. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಕೆಲವೊಮ್ಮೆ ಈ ಬಗೆಯ ಗಂಟಲು ಸೋಂಕು ಮುಂದೆ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಇಲ್ಲಿ ಆಂಟಿಬಯೋಟಿಕ್ ಅವಶ್ಯಕ. ವೈದ್ಯರು ಹೇಳಿದಷ್ಟು ದಿನವೂ ಅದನ್ನು ತಪ್ಪದೆ ಕೊಡಬೇಕು.

3. ಗಂಟಲಿನೊಳಗೆ ಬೂದು ಬಣ್ಣದ ಪೊರೆ, ಕುತ್ತಿಗೆಯ ಊತ ಕಂಡರೆ ಅದು ಗಂಟಲಮಾರಿಯಾಗಿರಬಹುದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳಿಗೆ ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಿದ್ದರೆ ಈ ಭಯ ಬಹುಮಟ್ಟಿಗೆ ಇರುವುದಿಲ್ಲ.

4. ಕೆಮ್ಮಿರುವ ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡರಿಂದ ಹನ್ನೆರಡು ತಿಂಗಳ ಕೂಸಿನಲ್ಲಿ 50, ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಅಥವಾ ಅದಕ್ಕೂ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೇದಿದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿಗೆ ಅವಕಾಶವೇ ಇಲ್ಲ.

5. ವಯಸ್ಕರಲ್ಲಿ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ತುಟಿ ನೀಲಿಯಾಗುವಿಕೆ, ಮಾತಿನಲ್ಲಿ ಗೊಂದಲ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ವೃದ್ಧರು, ಗರ್ಭಿಣಿಯರು, ಮಧುಮೇಹಿಗಳು, ಉಬ್ಬಸದವರು ಹೆಚ್ಚು ದಿನ ಕಾಯಬಾರದು. ದೇಶದಲ್ಲಿ ಕೊರೊನಾದ ಮೊದಲ ಸಾವು 2020ರ ಮಾರ್ಚಿನಲ್ಲಿ ಸಂಭವಿಸಿದ್ದು ನಮ್ಮ ಕಲಬುರಗಿಯ ವೃದ್ಧರೊಬ್ಬರದು ಎಂಬುದನ್ನು ನಾವು ಮರೆಯಬಾರದು.

6. ಕೆಮ್ಮು ಎರಡು ವಾರ ತುಂಬಿದರೆ, ಅದು ಕಡಿಮೆಯಾಗುತ್ತಿರುವಂತೆ ತೋರಿದರೂ, ಕಫ ಪರೀಕ್ಷೆ ಮಾಡಿಸಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ವ್ಯವಸ್ಥೆಯಾಗುತ್ತದೆ. ಪರೀಕ್ಷೆಯೂ, ಚಿಕಿತ್ಸೆಯೂ ಉಚಿತ. ರೋಗವಿದೆಯೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಆ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸರ್ಕಾರದಿಂದ ತಿಂಗಳಿಗೆ 1000 ರೂಪಾಯಿ ನೆರವೂ ಇದೆ.

ಕ್ಷಯವೆಂದರೆ ಮನೆತನಕ್ಕೆ ಕಳಂಕ, ಮಗಳ ಮದುವೆಗೆ ಅಡ್ಡಿ ಎಂದು ಮುಚ್ಚಿಡುವವರು ಇನ್ನೂ ಇದ್ದಾರೆ. ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಕಂಡುಹಿಡಿದರು; ಇದು ಪಾಪದ ಫಲವೂ ಅಲ್ಲ, ವಂಶದ ದೋಷವೂ ಅಲ್ಲ. ಔಷಧಿಯನ್ನು ಪೂರ್ತಿ ಸೇವಿಸಿದವರು ಗುಣವಾಗುತ್ತಾರೆ. ಮುಚ್ಚಿಟ್ಟ ಮನೆಯಲ್ಲಿ ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹರಡುತ್ತದೆ.

ಇತರರ ಕ್ಷೇಮ

ಕೆಮ್ಮಿರುವಾಗ ಬಾಯಿಗೆ ವಸ್ತ್ರ ಅಡ್ಡ ಹಿಡಿಯುವುದು, ಕಂಡಕಂಡಲ್ಲಿ ಉಗುಳದಿರುವುದು, ಸೋಪಿನಿಂದ ಕೈ ತೊಳೆಯುವುದು, ಕುಡಿಯುವ ಲೋಟವನ್ನು ಬೇರೆಯಾಗಿಡುವುದು ಸರಳ ನಿಯಮಗಳು. ರಾಶಿಯ ಕಣದಲ್ಲಿ ಟವೆಲ್ಲನ್ನು ಮೂಗು ಬಾಯಿಗೆ ಕಟ್ಟಿಕೊಳ್ಳಬೇಕು. ಬೀಡಿ, ಸಿಗರೇಟು ಸೇದುತ್ತ ಕೆಮ್ಮಿಗೆ ಔಷಧಿ ಕೇಳುವುದರಿಂದ ಪ್ರಯೋಜನವಿಲ್ಲ. ನೆಗಡಿ, ಕೆಮ್ಮು ಇರುವ ಭಕ್ತರು ಜಾತ್ರೆ, ದಾಸೋಹಗಳಿಗೆ ಬರುವಾಗ ಮಾಸ್ಕ್ ಧರಿಸಿ, ಅಡುಗೆ ಮತ್ತು ಬಡಿಸುವ ಸೇವೆಯನ್ನು ಆರೋಗ್ಯವಂತರಿಗೆ ಬಿಟ್ಟುಕೊಟ್ಟರೆ ಅದೂ ಒಂದು ಸೇವೆಯೇ ಆಗುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಕೈಗೊಂಡವರು. ಆ ಕಾಯಕದಲ್ಲಿರುವ ನಾನು ಭಕ್ತರಲ್ಲಿ ಬಿನ್ನವಿಸುವುದಿಷ್ಟೇ: ಅಡುಗೆಮನೆಯ ಶುಂಠಿ, ಮೆಣಸು, ಜೇನುಗಳನ್ನು ಧಾರಾಳವಾಗಿ ನಂಬಿರಿ, ಜೊತೆಗೆ ದಿನಗಳನ್ನೂ ಎಣಿಸಿರಿ. ಈ ಸಂಚಿಕೆ ಕೈಸೇರಿದ ದಿನ ತಮ್ಮ ಮನೆಯಲ್ಲಿ ಎರಡು ವಾರ ದಾಟಿದ ಕೆಮ್ಮು ಯಾರಿಗಾದರೂ ಇದ್ದಲ್ಲಿ, ನಾಳೆ ಬೆಳಿಗ್ಗೆಯೇ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ.

ಸರ್ವರಿಗೂ ಆಯುರಾರೋಗ್ಯ ಲಭಿಸಲಿ. ಶರಣು ಶರಣಾರ್ಥಿ.